ಮಳೆಯೋ, ಉಸಿರೋ? ಮಲೆನಾಡಿನ ಹೊರಾಂಗಣ ಪಿಟಿಜೆಡ್ ಕ್ಯಾಮೆರಾದೊಳಗಿನ ನೀರಿನ ಮೂಲದ ಬಗ್ಗೆ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯ ಅಡಿಕೆ ತೋಟವೊಂದರಲ್ಲಿ, ಹಳ್ಳದ ನೀರು ಏರುವುದನ್ನು ಮನೆಯಲ್ಲೇ ಕುಳಿತು ನೋಡಲೆಂದು ಕಂಬದ ಮೇಲೆ ಒಂದು ಪಿಟಿಜೆಡ್ ಕ್ಯಾಮೆರಾ ಕೂರಿಸಿದ್ದೆವು. ಎಡಕ್ಕೆ ಬಲಕ್ಕೆ ತಿರುಗುವ, ಮೇಲೆ ಕೆಳಗೆ ಬಾಗುವ, ದೂರದ್ದನ್ನು ಹತ್ತಿರಕ್ಕೆ ಎಳೆದು ತೋರಿಸುವ ಕ್ಯಾಮೆರಾ ಅದು. ಡಬ್ಬದ ಮೇಲೆ ಐಪಿ66 ಎಂದು ಅಚ್ಚಾಗಿತ್ತು. ಎರಡನೆಯ ಮಳೆಗಾಲದ ಕೊನೆಗೆ ಚಿತ್ರ ಬರುವುದು ನಿಂತಿತು. ಇಳಿಸಿ ಬಿಚ್ಚಿ ನೋಡಿದರೆ ಗ್ಯಾಸ್ಕೆಟ್ ಹೊಸದರಂತೆಯೇ ಮೆತ್ತಗಿತ್ತು, ಆದರೆ ಗುಮ್ಮಟದ ತಳದಲ್ಲಿ ನೀರು ನಿಂತಿತ್ತು. ಅದಕ್ಕಿಂತ ವಿಚಿತ್ರವಾದದ್ದು ಆರ್‌ಜೆ45 ಪ್ಲಗ್ಗಿನಲ್ಲಿ ಕಂಡಿತು. ಎಂಟು ಸಂಪರ್ಕಗಳಲ್ಲಿ ನೀಲಿ ಜೋಡಿಯ ಎರಡು ಮಾತ್ರ ಹಸಿರುಗಟ್ಟಿ ಸವೆದುಹೋಗಿದ್ದವು. ಕಂದು ಜೋಡಿಯ ಎರಡು ಹೊಳೆಯುತ್ತಿದ್ದವು. ಈ ಲೇಖನ ಆ ಪ್ಲಗ್ಗಿನಿಂದ ಹುಟ್ಟಿದ್ದು.

ಇಂಥ ಕ್ಯಾಮೆರಾ ಸ್ಥಾಪಿಸುವ ಬಹುಪಾಲು ಸಂಗತಿಗಳಲ್ಲಿ ಈಗ ಚರ್ಚೆಗೆ ಆಸ್ಪದವಿಲ್ಲ. ಜಾಲಕ್ಕೆ ನೇರವಾಗಿ ಜೋಡಿಸಬಹುದಾದ ಮೊದಲ ಕ್ಯಾಮೆರಾವನ್ನು ಸ್ವೀಡನ್ನಿನ ಆಕ್ಸಿಸ್ ಸಂಸ್ಥೆ 1996ರಲ್ಲಿ ಮಾರುಕಟ್ಟೆಗೆ ತಂದಿತು. ಒಂದೇ ಕೇಬಲ್ಲಿನಲ್ಲಿ ಚಿತ್ರವೂ ಕರೆಂಟೂ ಸಾಗುವ ಪಿಒಇ ಪದ್ಧತಿಗೆ 2003ರಲ್ಲಿ ಮೊದಲ ಮಾನದಂಡ ಬಂತು. ಆಗ ಸ್ವಿಚ್ಚು ಕೊಡಬಹುದಾಗಿದ್ದ ಶಕ್ತಿ 15.4 ವ್ಯಾಟ್. ಮೋಟಾರು, ಇನ್‌ಫ್ರಾರೆಡ್ ದೀಪ ಎಲ್ಲ ಇರುವ ಪಿಟಿಜೆಡ್‌ಗೆ ಅದು ಸಾಲದೆಂದೇ ಸಾಮಾನ್ಯವಾಗಿ 2009ರ 30 ವ್ಯಾಟಿನ ಮಾನದಂಡ, ಇಲ್ಲವೇ 2018ರ ಇನ್ನೂ ಹೆಚ್ಚಿನದು ಬೇಕಾಗುತ್ತದೆ. ತಾಮ್ರದ ಕೇಬಲ್ಲಿಗೆ 100 ಮೀಟರಿನ ಮಿತಿಯಿದೆ, ಮನೆಯಿಂದ ಹಳ್ಳ ಅದಕ್ಕಿಂತ ದೂರವಿದ್ದರೆ ನಡುವೆ ಫೈಬರ್ ಎಳೆಯಬೇಕು. ಬೇರೆ ಬೇರೆ ತಯಾರಕರ ಕ್ಯಾಮೆರಾ ಮತ್ತು ರೆಕಾರ್ಡರು ಒಂದೇ ಭಾಷೆ ಆಡಲೆಂದು 2008ರಲ್ಲಿ ಆಕ್ಸಿಸ್, ಬಾಷ್, ಸೋನಿ ಸೇರಿ ಕಟ್ಟಿದ ಒನ್‌ವಿಫ್ ಇದೆ. ಕಾರ್ಖಾನೆಯ ಪಾಸ್‌ವರ್ಡ್ ಬದಲಿಸದೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು 2016ರ ಮಿರಾಯ್ ದಾಳಿ ಜಗತ್ತಿಗೇ ತೋರಿಸಿದೆ. ಇವೆಲ್ಲ ಕೈಪಿಡಿಗಳಲ್ಲಿ ಚೆನ್ನಾಗಿಯೇ ಇವೆ, ಇಲ್ಲಿ ಮತ್ತೆ ಬರೆಯುವ ಅಗತ್ಯವಿಲ್ಲ.

ನನ್ನ ತಕರಾರು ಇರುವುದು ಒಂದೇ ವಿಷಯದಲ್ಲಿ. ಕ್ಯಾಮೆರಾದೊಳಗೆ ನೀರು ಕಂಡರೆ ಮಳೆಯ ಹೊಡೆತಕ್ಕೆ ಗ್ಯಾಸ್ಕೆಟ್ ಸೋತಿದೆ ಎಂಬುದು ಪ್ರಚಲಿತ ನಿಲುವು. ಆದ್ದರಿಂದ ಪರಿಹಾರವೂ ಎರಡೇ: ಇನ್ನೂ ದೊಡ್ಡ ಐಪಿ ಸಂಖ್ಯೆಯ ಕ್ಯಾಮೆರಾ ತರುವುದು, ಇಲ್ಲವೇ ಎಲ್ಲ ಸಂದಿಗೂ ಸಿಲಿಕೋನ್ ಬಳಿಯುವುದು. ಈ ಪ್ಲಗ್ಗು ಕೈಗೆ ಬರುವವರೆಗೆ ನಾನೂ ಇದನ್ನೇ ನಂಬಿದ್ದೆ, ಬೇರೆಯವರಿಗೂ ಹೇಳಿದ್ದೆ.

ಮೊದಲು ಆ ಸಂಖ್ಯೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ನೋಡಬೇಕು. ಐಪಿ ಸಂಕೇತದ ಮೂಲ ಐಇಸಿ 60529. ಭಾರತದಲ್ಲಿ ಅದೇ ಐಎಸ್/ಐಇಸಿ 60529 ಎಂದು ಚಾಲ್ತಿಯಲ್ಲಿದೆ. ಎರಡನೆಯ 6ರ ಪರೀಕ್ಷೆ ಹೀಗೆ: 12.5 ಮಿ.ಮೀ. ಬಾಯಿಯ ನಳಿಕೆಯಿಂದ ನಿಮಿಷಕ್ಕೆ 100 ಲೀಟರ್ ನೀರನ್ನು ಎರಡೂವರೆ–ಮೂರು ಮೀಟರ್ ದೂರದಿಂದ, ಎಲ್ಲ ದಿಕ್ಕಿನಿಂದಲೂ, ಕನಿಷ್ಠ ಮೂರು ನಿಮಿಷ ಹೊಡೆಯಬೇಕು. ಆಗುಂಬೆಯ ಯಾವ ಮಳೆಯೂ ಇಷ್ಟು ಜೋರಾಗಿ ಹೊಡೆಯುವುದಿಲ್ಲ. ಹಾಗಾಗಿ ಪ್ರಚಲಿತ ನಿಲುವು ಇಲ್ಲೇ ಸ್ವಲ್ಪ ಅಲುಗಾಡುತ್ತದೆ: ಬೆಂಕಿ ಆರಿಸುವ ಪೈಪಿನಂಥ ಧಾರೆಯನ್ನು ತಡೆದ ಡಬ್ಬಿ ಮಳೆಹನಿಗೆ ಸೋತಿತು ಎನ್ನುವುದು ಹೇಗೆ?

ಮಾನದಂಡದ ಪಠ್ಯವನ್ನು ನಿಧಾನವಾಗಿ ಓದಿದರೆ ಇನ್ನೂ ಮೂರು ಸಂಗತಿ ಸಿಗುತ್ತವೆ. ಒಂದು, 6ರ ಪರೀಕ್ಷೆಯಲ್ಲಿ ಒಳಗೆ ಒಂದು ಹನಿಯೂ ಹೋಗಬಾರದು ಎಂಬ ಷರತ್ತಿಲ್ಲ, ಹೋದ ನೀರು ಕೆಲಸಕ್ಕೆ ಅಡ್ಡಿಮಾಡಬಾರದು ಎಂದಷ್ಟೇ ಇದೆ. ಇನ್ನೊಂದು, 7 ಎಂಬುದು ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸುವ ಪರೀಕ್ಷೆ. 7 ಪಾಸಾದದ್ದು 6ನ್ನೂ ಪಾಸಾಗಿದೆ ಎಂದು ಅರ್ಥವಲ್ಲ, ಹಾಗಿದ್ದರೆ ಎರಡನ್ನೂ ಬರೆದಿರಬೇಕು. ದೊಡ್ಡ ಸಂಖ್ಯೆ ತಂದರೆ ಸಾಕು ಎನ್ನುವವರು ಇದನ್ನು ಗಮನಿಸಿದಂತಿಲ್ಲ. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಮೂರನೆಯದು. ಪರೀಕ್ಷೆಯ ನೀರಿಗೂ ಡಬ್ಬಿಗೂ ಉಷ್ಣತೆಯಲ್ಲಿ 5 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು, ನೀರು ಅದಕ್ಕಿಂತ ತಣ್ಣಗಿದ್ದರೆ ಡಬ್ಬಿಯೊಳಗಿನ ಒತ್ತಡವನ್ನು ಸರಿದೂಗಿಸುವ ವ್ಯವಸ್ಥೆ ಬೇಕು ಎಂದು ಅದು ಹೇಳುತ್ತದೆ. ಅಂದರೆ ಬಿಸಿ ಡಬ್ಬಿಯ ಮೇಲೆ ತಣ್ಣೀರು ಬಿದ್ದರೆ ಪರೀಕ್ಷೆಯೇ ಬೇರೆಯಾಗುತ್ತದೆ ಎಂಬುದು ಅದನ್ನು ಬರೆದವರಿಗೆ ಗೊತ್ತಿತ್ತು. ಆ ಸ್ಥಿತಿಯನ್ನು ಅವರು ಪರೀಕ್ಷೆಯ ಹೊರಗಿಟ್ಟರು. ಒಳಗೇ ಸಾಂದ್ರೀಕರಿಸುವ ತೇವವನ್ನೂ ಹೊರಗಿಟ್ಟಿದ್ದಾರೆ. ನಮ್ಮ ಕಂಬದ ಮೇಲೆ ನಡೆಯುವುದು ಹೀಗೆ ಹೊರಗಿಟ್ಟದ್ದೇ.

ಬಿಸಿ ಅನ್ನ ತುಂಬಿದ ಡಬ್ಬಿಯ ಮುಚ್ಚಳ ಬುತ್ತಿ ಬಿಚ್ಚುವ ಹೊತ್ತಿಗೆ ಬಿಗಿದುಕೊಂಡಿರುವುದು ಎಲ್ಲರಿಗೂ ಗೊತ್ತು. ಕ್ಯಾಮೆರಾದಲ್ಲೂ ಇದೇ ನಡೆಯುತ್ತದೆ. ಕೆಲಸದಲ್ಲಿರುವ ಪಿಟಿಜೆಡ್ ತನ್ನ ಕರೆಂಟನ್ನೆಲ್ಲ ಕೊನೆಗೆ ಬಿಸಿಯಾಗಿಸಿ ಬಿಡುತ್ತದೆ. ಒಳಗಿನ ಗಾಳಿ 45 ಡಿಗ್ರಿಯಲ್ಲಿದೆ ಎಂದು ಇಟ್ಟುಕೊಳ್ಳೋಣ. ಕರೆಂಟು ಹೋಗಿ, ಮಳೆ ಬಿದ್ದು, ಅದು 22 ಡಿಗ್ರಿಗೆ ಇಳಿದರೆ ನಿರಪೇಕ್ಷ ಉಷ್ಣತೆ 318ರಿಂದ 295 ಕೆಲ್ವಿನ್‌ಗೆ ಇಳಿದಂತೆ. ಸಂದಿಗಳೆಲ್ಲ ಮುಚ್ಚಿದ್ದರೆ ಒತ್ತಡವೂ ಅದೇ ಪ್ರಮಾಣದಲ್ಲಿ, ಶೇಕಡಾ 7ಕ್ಕೂ ತುಸು ಹೆಚ್ಚು, ತಗ್ಗುತ್ತದೆ. ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ 94 ಕಿಲೋಪ್ಯಾಸ್ಕಲ್‌ನ ಆಸುಪಾಸು, ಅದರಲ್ಲಿ ಕಡಿಮೆಯಾಗುವುದು 6.8. ನೀರಿನ ಕಂಬದ ಲೆಕ್ಕದಲ್ಲಿ ಹೇಳಿದರೆ ಸುಮಾರು 70 ಸೆಂಟಿಮೀಟರ್. ಐಪಿ66 ಕ್ಯಾಮೆರಾವನ್ನು ಮುಳುಗಿಸಿ ಪರೀಕ್ಷಿಸಿಯೇ ಇರುವುದಿಲ್ಲ. ಆದರೂ ಕರೆಂಟು ಹೋದ ಸಂಜೆ ಅದರ ಸಂದಿಗಳ ಮಟ್ಟಿಗೆ ಅದು ಮೊಣಕಾಲಿಗೂ ಮೇಲಿನ ನೀರಿನಲ್ಲಿ ಮುಳುಗಿದಂತೆಯೇ ಇರುತ್ತದೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ. ಪರೀಕ್ಷೆಯ ಧಾರೆಯ ವೇಗ ಲೆಕ್ಕ ಹಾಕಿದರೆ ಸೆಕೆಂಡಿಗೆ 13 ಮೀಟರಿಗೂ ಹೆಚ್ಚು, ಅದರ ಹೊಡೆತ ಒಂಬತ್ತು ಮೀಟರ್ ನೀರಿನ ಕಂಬಕ್ಕೆ ಸಮ. ಅದನ್ನು ತಡೆದ ಗ್ಯಾಸ್ಕೆಟ್ 70 ಸೆಂಟಿಮೀಟರಿಗೆ ಏಕೆ ಬಗ್ಗಬೇಕು? ಗ್ಯಾಸ್ಕೆಟ್ಟಿನ ಮಟ್ಟಿಗೆ ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ನಮ್ಮ ಕ್ಯಾಮೆರಾದ ಗ್ಯಾಸ್ಕೆಟ್ ಕೂಡ ಬಗ್ಗಿರಲಿಲ್ಲ. ಆದರೆ ಧಾರೆ ಹೊಡೆಯುವುದು ಬಿದ್ದ ಜಾಗಕ್ಕೆ, ಕೆಲವು ನಿಮಿಷ. ಹೀರುವಿಕೆ ಹಾಗಲ್ಲ. ಡಬ್ಬಿಗೆ ಹೊರಗಿನ ಸಂಪರ್ಕ ಎಲ್ಲೆಲ್ಲಿದೆಯೋ ಅಲ್ಲೆಲ್ಲ, ಧಾರೆ ಮುಟ್ಟಲಾಗದ ಕಡೆಯಲ್ಲೂ ಅದು ಎಳೆಯುತ್ತದೆ, ಗಂಟೆಗಟ್ಟಲೆ ಎಳೆಯುತ್ತದೆ. ಹಾಗೆ ಮುಟ್ಟಲಾಗದ ಒಂದು ದಾರಿ ಕೇಬಲ್ಲಿನ ಹೊಟ್ಟೆಯೊಳಗೇ ಇದೆ. ಗ್ಲ್ಯಾಂಡ್ ಹಿಡಿಯುವುದು ಕೇಬಲ್ಲಿನ ಹೊರಸಿಪ್ಪೆಯನ್ನು ಮಾತ್ರ. ಸಿಪ್ಪೆಯೊಳಗೆ ತಂತಿಗಳ ನಡುವಿನ ಗಾಳಿಗೆ ಡಬ್ಬಿಯೊಳಗಿನ ಗಾಳಿಯ ಜೊತೆ ನೇರ ಸಂಬಂಧವಿರುತ್ತದೆ.

ಈಗ ಪ್ಲಗ್ಗಿಗೆ ಮರಳೋಣ. ನಮ್ಮಲ್ಲಿ ಬಳಸಿದ್ದ ಪಿಒಇ ಇಂಜೆಕ್ಟರು ನೀಲಿ ಜೋಡಿಯಲ್ಲಿ ಧನ, ಕಂದು ಜೋಡಿಯಲ್ಲಿ ಋಣ ಕೊಡುವ ಬಗೆಯದು. ನೇರ ಕರೆಂಟು ಹರಿಯುವಾಗ ತೇವವಾದರೆ ಕರಗುವುದು ಧನದ ತುದಿಯ ಲೋಹ. ಸವೆದದ್ದು ನೀಲಿ ಮಾತ್ರ ಎಂದರೆ ಅಲ್ಲಿ ನೀರೂ ಕರೆಂಟೂ ಒಟ್ಟಿಗೆ ಇದ್ದವು ಎಂದಾಯಿತು. ಬ್ಲೇಡಿನಿಂದ ಕ್ಯಾಮೆರಾದ ಬಾಲದ ಕೇಬಲ್ಲನ್ನು ಉದ್ದಕ್ಕೆ ಸೀಳಿದಾಗ ಒಳಗಿನ ತಂತಿಗಳು ಡಬ್ಬಿಯ ಬಾಯಿಯವರೆಗೂ ಒದ್ದೆಯಾಗಿದ್ದವು. ಗ್ಲ್ಯಾಂಡಿನ ಸುತ್ತ ಮಾತ್ರ ನೀರು ಹರಿದ ಕಲೆಯೇ ಇರಲಿಲ್ಲ. ನೀರು ಪ್ಲಗ್ಗಿನಿಂದ ಡಬ್ಬಿಗೆ ಕೇಬಲ್ಲಿನೊಳಗಿಂದಲೇ ನಡೆದಿತ್ತು.

ನೀರು ಕರೆಂಟು ಇಲ್ಲದಾಗ ಹೀರಲ್ಪಟ್ಟಿತು ಎನ್ನುವುದಾದರೆ, ಸವೆತ ಕರೆಂಟು ಇದ್ದಾಗ ಆದದ್ದು ಅದಕ್ಕೆ ವಿರುದ್ಧವಲ್ಲವೇ? ಅಲ್ಲ ಎಂದು ನನ್ನ ಎಣಿಕೆ. ನೀರು ಅಲ್ಲಿಗೆ ಬಂದ ಗಳಿಗೆಯನ್ನು ಸವೆತ ಹೇಳುವುದಿಲ್ಲ, ಕರೆಂಟು ಮರಳಿದಾಗ ನೀರು ಅಲ್ಲಿತ್ತು ಎಂಬುದನ್ನಷ್ಟೇ ಹೇಳುತ್ತದೆ. ಬಂದ ಗಳಿಗೆಗೆ ಬೇರೆ ಸಾಕ್ಷಿ ಬೇಕು. ಅದಕ್ಕೆ ನೆರವಾದದ್ದು ಪಿಟಿಜೆಡ್‌ನ ಒಂದು ಅಭ್ಯಾಸ. ಕರೆಂಟು ಮರಳಿದಾಗ ಈ ಕ್ಯಾಮೆರಾ ಒಂದು ಸುತ್ತು ತಿರುಗಿ, ತಲೆ ಎತ್ತಿ ಇಳಿಸಿ, ಮೊದಲೇ ಗೊತ್ತುಮಾಡಿದ ನೋಟಕ್ಕೆ ಬಂದು ನಿಲ್ಲುತ್ತದೆ. ನಮ್ಮದು ನಿಲ್ಲುತ್ತಿದ್ದದ್ದು ಹಳ್ಳದ ಕಲ್ಲುಸೇತುವೆಗೆ ಮುಖಮಾಡಿ. ಹಾಗಾಗಿ ಪ್ರತಿ ಸಲ ಕರೆಂಟು ಹೋಗಿ ಬಂದ ಮೇಲಿನ ಮೊದಲ ಚಿತ್ರ ಒಂದೇ ದೃಶ್ಯದ್ದು, ಒಂದರ ಪಕ್ಕ ಒಂದಿಟ್ಟು ಹೋಲಿಸಬಹುದು. ಸ್ವಲ್ಪ ಹೊತ್ತು ಹೋಗಿ ಬಂದ ಕರೆಂಟಿನ ನಂತರದ ಚಿತ್ರಗಳಲ್ಲಿ ಸೇತುವೆಯ ಕಲ್ಲುಗಳ ನಡುವಿನ ಗೆರೆ ಎಣಿಸಬಹುದಿತ್ತು. ರಾತ್ರಿಯಿಡೀ ಹೋದದ್ದರ ನಂತರ ಸೇತುವೆ ಹಾಲಿನಲ್ಲಿ ಅದ್ದಿದಂತೆ ಕಾಣುತ್ತಿತ್ತು, ಕ್ಯಾಮೆರಾ ಬಿಸಿಯಾದಂತೆ ಮಂಜು ಬಿಡುತ್ತಿತ್ತು. ಜೋರು ಮಳೆಯಿದ್ದೂ ಕರೆಂಟು ಹೋಗದ ರಾತ್ರಿಗಳ ಮರುದಿನ ಗಾಜು ಶುಭ್ರವಾಗಿರುತ್ತಿತ್ತು.

ಇಷ್ಟರಿಂದ ನಾನು ಮಾಡುವ ವಾದ ಇದು: ಮಲೆನಾಡಿನಲ್ಲಿ ಹೊರಾಂಗಣ ಕ್ಯಾಮೆರಾವನ್ನು ಹಾಳುಮಾಡುವುದರಲ್ಲಿ ಮಳೆಗಿಂತ ಮಳೆಗಾಲದ ಕರೆಂಟು ಕಡಿತದ ಪಾಲು ಹೆಚ್ಚಿರಬಹುದು. ಇರಬಹುದು ಎಂದು ಬೇಕೆಂದೇ ಹೇಳುತ್ತಿದ್ದೇನೆ. ನಾನು ನೋಡಿದ್ದು ಒಂದೇ ಕ್ಯಾಮೆರಾ. ಮಂಜು ಕಂಡದ್ದೆಲ್ಲ ಹೊರಗಿನಿಂದ ಬಂದ ನೀರಲ್ಲ: ಮೂರು ಲೀಟರ್ ಗಾಳಿ ಹಿಡಿಸುವ ಡಬ್ಬಿಯಲ್ಲಿ, 28 ಡಿಗ್ರಿಯ ಮಳೆಗಾಲದ ಗಾಳಿ ಮೊದಲೇ ಸೇರಿಕೊಂಡಿದ್ದರೆ, 20 ಡಿಗ್ರಿಗೆ ಇಳಿದಾಗ ಸುಮಾರು 20 ಮಿಲಿಗ್ರಾಂ ನೀರು ಗಾಜಿಗೆ ಹತ್ತಬಹುದು. ಗಾಜು ಮಸುಕಾಗಲು ಅಷ್ಟು ಧಾರಾಳ ಸಾಕು. ಗಾಳಿಯಾಡುವ, ನೀರು ಬಿಡದ ಪಿಟಿಎಫ್‌ಇ ಪೊರೆಯ ಕಿಂಡಿಯಿರುವ ಕ್ಯಾಮೆರಾಗಳಿಗೆ ಹೀರುವಿಕೆಯ ವಾದ ಅಷ್ಟಾಗಿ ಒಪ್ಪುವುದಿಲ್ಲ, ಆ ಕಿಂಡಿ ಒತ್ತಡವನ್ನು ಸರಿದೂಗಿಸುತ್ತದೆ. ಒಳಗಿನ ತೇವದ ವಾದ ಮಾತ್ರ ಅವಕ್ಕೂ ಒಪ್ಪುತ್ತದೆ, ಏಕೆಂದರೆ ಆ ಪೊರೆ ಆವಿಯನ್ನು ತಡೆಯುವುದಿಲ್ಲ. ಇನ್ನು, ಕಂಬದ ಕೆಳಗೆ ತೂಗುವ ಗುಮ್ಮಟದ ಕ್ಯಾಮೆರಾದಲ್ಲಿ ತೇವ ಹತ್ತುವ ತಣ್ಣನೆಯ ಜಾಗವೂ ನೀರು ಇಳಿದು ನಿಲ್ಲುವ ತಗ್ಗೂ ಒಂದೇ ಗಾಜು. ಹಾಗಾಗಿ ಎರಡನ್ನೂ ಕಣ್ಣಿನಲ್ಲೇ ಬೇರ್ಪಡಿಸುವುದು ಸುಲಭವಲ್ಲ. ಒಣಗಿದ ಮೇಲೆ ಕಲೆ ಉಳಿಯಿತೇ ಎಂಬುದೊಂದೇ ಸುಳಿವು. ಒಳಗೇ ಹುಟ್ಟಿದ ಹನಿ ಹೆಚ್ಚುಕಡಿಮೆ ಶುದ್ಧ ನೀರು, ಹೊರಗಿನಿಂದ ಬಂದದ್ದು ಕೆಸರಿನ ಗೆರೆ ಬಿಟ್ಟು ಹೋಗುತ್ತದೆ. ನಮ್ಮ ಗಾಜಿನ ತಳದಲ್ಲಿ ಗೆರೆಯಿತ್ತು.

ಆದರೂ ಒಂದು ಮಾತನ್ನು ಹೆಚ್ಚು ಧೈರ್ಯದಿಂದ ಹೇಳಬಹುದು. ಹೀರುವ ಬಾಯಿಯ ಬಳಿ ಆ ಹೊತ್ತಿಗೆ ಗಾಳಿಯಿದೆಯೋ ನೀರಿದೆಯೋ ಎಂಬುದೇ ಮುಖ್ಯ. ಮೂರು ಲೀಟರಿನ ಡಬ್ಬಿ 23 ಡಿಗ್ರಿ ತಣಿದರೆ ಒಳಗೆಳೆದುಕೊಳ್ಳುವುದು ಸುಮಾರು 200 ಮಿಲಿಲೀಟರ್. ಅದು ತೇವದ ಗಾಳಿಯಾದರೆ ಅದರ ಜೊತೆ ಬರುವ ನೀರು ಕೇವಲ ನಾಲ್ಕು ಮಿಲಿಗ್ರಾಂ. ಬಾಯಿ ನೀರಿನಲ್ಲಿ ಮುಳುಗಿದ್ದರೆ ಎಳೆಯುವ ಶಕ್ತಿ ಇರುವುದು ಒಂದು ಲೋಟ ನೀರಿಗೆ. ಸಂದಿ ಸಣ್ಣದಿರುವುದರಿಂದ ಅಷ್ಟೂ ಬರದಿರಬಹುದು, ಆದರೂ ಎರಡಕ್ಕೂ ಅಜಗಜಾಂತರ. ನಮ್ಮ ಪ್ಲಗ್ಗು ಕೂತಿದ್ದದ್ದು ಕಂಬಕ್ಕೆ ಬಡಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಕೆಲಸದವನು ಶ್ರದ್ಧೆಯಿಂದ ಅದರ ನಾಲ್ಕೂ ಅಂಚಿಗೆ ಸಿಲಿಕೋನ್ ಬಳಿದಿದ್ದ, ಕೇಬಲ್ಲನ್ನು ಮೇಲಿನ ತೂತಿನಿಂದ ಇಳಿಸಿದ್ದ. ಕೇಬಲ್ಲಿನ ಮೈಮೇಲೆ ಜಾರಿ ಬಂದ ನೀರು ಒಳಸೇರಿತು, ಹೊರಹೋಗಲು ದಾರಿ ಇರಲಿಲ್ಲ. ಸಿಲಿಕೋನ್ ಚೆನ್ನಾಗಿ ಅಂಟಿದಷ್ಟೂ ಆ ಡಬ್ಬಿ ಒಳ್ಳೆಯ ಬಾವಿಯಾಯಿತು. ವಿನಿಗರ್ ವಾಸನೆಯ ಅಗ್ಗದ ಸಿಲಿಕೋನ್ ಗಟ್ಟಿಯಾಗುವಾಗ ಬಿಡುವ ಅಸಿಟಿಕ್ ಆಮ್ಲ ತಾಮ್ರಕ್ಕೆ ಕೆಡುಕು ಎಂಬುದು ಬೇರೆಯೇ ಕತೆ.

ಎರಡನೆಯ ಸಲ ಕ್ಯಾಮೆರಾ ಏರಿಸುವಾಗ ಕೇಬಲ್ಲನ್ನು ಡಬ್ಬಿಗಿಂತ ಒಂದು ಗೇಣು ಕೆಳಕ್ಕೆ ಇಳಿಬಿಟ್ಟು, ಮತ್ತೆ ಮೇಲಕ್ಕೆತ್ತಿ, ತಳದ ತೂತಿನಿಂದ ಒಳಗೆ ತಂದೆವು. ತಳಕ್ಕೆ ಇನ್ನೊಂದು ಸಣ್ಣ ತೂತು ಕೊರೆದು ಹಾಗೇ ಬಿಟ್ಟೆವು. ಸ್ವಿಚ್ಚಿಗೆ ಯುಪಿಎಸ್ ಕೊಟ್ಟೆವು. ಹಳ್ಳದಲ್ಲಿ ನೋಡುವಂಥದ್ದೇನೂ ಇಲ್ಲದ ರಾತ್ರಿಗಳಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕ್ಯಾಮೆರಾ ಆರಿಸಲಿಲ್ಲ. ಮುಂದಿನ ಮಳೆಗಾಲ ಅದು ನಿಲ್ಲದೆ ನಡೆಯಿತು. ಇದನ್ನು ಪುರಾವೆ ಎನ್ನಲಾರೆ. ಎಲ್ಲವನ್ನೂ ಒಟ್ಟಿಗೆ ಬದಲಿಸಿದ್ದರಿಂದ ಯಾವುದು ಉಳಿಸಿತು ಎಂದು ಬಿಡಿಸಿ ಹೇಳಲು ಬರುವುದಿಲ್ಲ. ತೋಟದ ಯಜಮಾನರಿಗೆ ಬೇಕಿದ್ದದ್ದು ಕ್ಯಾಮೆರಾ, ನನಗೆ ಬೇಕಿದ್ದದ್ದು ಪ್ರಯೋಗ. ಕಂಬ ಅವರದ್ದು.

ಬಿಡಿಸಬೇಕಾದದ್ದು ಎರಡು ಉಳಿದಿವೆ. ಡಬ್ಬಿಯೊಳಗಿನ ಒತ್ತಡವನ್ನು ನಾನು ಲೆಕ್ಕ ಹಾಕಿದ್ದೇನೆ, ಅಳೆದಿಲ್ಲ. ಪ್ಲಾಸ್ಟಿಕ್ ಗುಮ್ಮಟ ತುಸು ಒಳಬಾಗಿದರೂ, ಸಂದಿಯಿಂದ ಗಾಳಿ ಸೋರಿದರೂ ಆ 70 ಸೆಂಟಿಮೀಟರು ಎಷ್ಟಕ್ಕೆ ಇಳಿಯುತ್ತದೋ. ಬೆರಳುಗುರಿನಷ್ಟು ಚಿಕ್ಕ ಒತ್ತಡಮಾಪಕಗಳು ಈಗ ಅಗ್ಗವಾಗಿ ಸಿಗುತ್ತವೆ, ಒಂದನ್ನು ಒಳಗೆ, ಇನ್ನೊಂದನ್ನು ಹೊರಗೆ ಇಟ್ಟು ಒಂದು ಮಳೆಗಾಲ ಕಾದರೆ ಉತ್ತರ ಸಿಗುತ್ತದೆ. ಎರಡನೆಯದು ತಿರುಗುವ ಕತ್ತಿನ ಸೀಲು. ನಿಂತ ಕ್ಯಾಮೆರಾಗೆ ಇಲ್ಲದ ಈ ಭಾಗ ಪಿಟಿಜೆಡ್‌ಗೆ ಇದ್ದೇ ಇರುತ್ತದೆ, ದಿನಕ್ಕೆ ನೂರಾರು ಸಲ ಉಜ್ಜಿಕೊಳ್ಳುತ್ತದೆ. ನಮ್ಮದರಲ್ಲಿ ಅಲ್ಲಿ ನೀರಿನ ಗುರುತಿರಲಿಲ್ಲ. ಎರಡೇ ಮಳೆಗಾಲ ತಿರುಗಿದ ಕತ್ತು ಅದು, ಹತ್ತು ಮಳೆಗಾಲ ಕಂಡ ಕ್ಯಾಮೆರಾವೊಂದನ್ನು ಬಿಚ್ಚುವ ಅವಕಾಶ ನನಗಿನ್ನೂ ಸಿಕ್ಕಿಲ್ಲ.