ವಾರಗಳ ಹೆಸರು: ಪವಾಯಿಯಲ್ಲಿ, ಮನಿಲಾದಲ್ಲಿ

ಮುಂಬಯಿಯ ಉಪನಗರವಾದ ಪವಾಯಿ ಇಂದು ಹೆಸರಾಗಿರುವುದು 1891ರ ಕೆರೆಯಿಂದ, 1958ರ ಐಐಟಿಯಿಂದ. ಅದಕ್ಕೂ ಮೊದಲು ಅದು ಸಾಷ್ಟಿ ದ್ವೀಪದ ಹಳ್ಳಿ. 1534ರ ವಸಾಯಿ ಒಪ್ಪಂದದಲ್ಲಿ ಪೋರ್ಚುಗೀಸರ ಕೈಸೇರಿದ ಸಾಷ್ಟಿ, 1737ರಲ್ಲಿ ಮರಾಠರು ಗೆಲ್ಲುವ ತನಕ ಅವರದೇ ಆಗಿತ್ತು. ಎರಡು ಶತಮಾನದ ಆ ಆಳ್ವಿಕೆಯಿಂದ ಪಶ್ಚಿಮ ಕರಾವಳಿಯ ಮಾತಿಗೆ ಪಾದ್ರಿ, ಪಾವು, ಬಟಾಟೆ, ಚಾವಿ, ಇಸ್ತ್ರಿ ಎಲ್ಲ ಬಂದವು. ವಾರದ ಹೆಸರು ಮಾತ್ರ ಒಂದೂ ಬರಲಿಲ್ಲ.

ಅದೇ ಕಾಲದಲ್ಲಿ ಸ್ಪೇನಿಗೆ ಸೇರಿದ ಫಿಲಿಪೀನ್ಸಿನ ಕಥೆ ತಿರುಗುಮುರುಗು. 1565ರಲ್ಲಿ ಸ್ಪೇನಿನ ದಳಪತಿ ಲೆಗಾಸ್ಪಿ ಅಲ್ಲಿನ ಸೆಬು ದ್ವೀಪದಲ್ಲಿ ನೆಲೆಯೂರಿದ ಮೇಲೆ ಅಲ್ಲಿನ ಭಾಷೆಗಳು ವಾರವನ್ನು ಇಡಿಯಾಗಿ ಸ್ಪ್ಯಾನಿಷಿನಿಂದ ಪಡೆದವು. ತಗಾಲೊಗ್‌ನಲ್ಲಿ ಲೂನೆಸ್, ಮಾರ್ತೆಸ್, ಮಿಯೆರ್ಕುಲೆಸ್, ಹುವೆಬೆಸ್, ಬಿಯೆರ್ನೆಸ್, ಸಾಬಾದೊ. ಭಾನುವಾರದ ‘ದೊಮಿಂಗೊ’ ಮಾತ್ರ ಸವೆದು ‘ಲಿಂಗ್ಗೊ’ ಆಯಿತು. ಇಡೀ ವಾರಕ್ಕೂ ಅದೇ ಪದ. ನಮ್ಮ ‘ವಾರ’ ದಿನಕ್ಕೂ ಆಗುತ್ತದೆ, ಏಳು ದಿನಕ್ಕೂ ಆಗುತ್ತದೆಯಲ್ಲ, ಹಾಗೆ. ಪೋರ್ಚುಗೀಸರ ದೊಮಿಂಗೊ ಮಲಯ ಭಾಷೆಯಲ್ಲಿ ‘ಮಿಂಗ್ಗು’ ಆಗಿ ಇದೇ ಎರಡು ಕೆಲಸ ಮಾಡುತ್ತಿದೆ. ಪೂರ್ವ ತಿಮೋರಿನ ತೇತುಮ್ ಭಾಷೆಯಂತೂ ಏಳು ದಿನವನ್ನೂ ಪೋರ್ಚುಗೀಸಿನಿಂದಲೇ ಪಡೆದಿದೆ.

ಸಾಷ್ಟಿಯಲ್ಲೇಕೆ ಹೀಗಾಗಲಿಲ್ಲ? ಜಾಗ ಖಾಲಿ ಇರಲಿಲ್ಲ, ಅಷ್ಟೇ. ಗ್ರಹಗಳ ಹೆಸರಿನ ವಾರ ಪಶ್ಚಿಮದಿಂದ ಭಾರತಕ್ಕೆ ಬಂದು ಆಗಲೇ ಸಾವಿರ ವರ್ಷ ದಾಟಿತ್ತು, ಕ್ರಿ.ಶ. 484ರ ಏರಣ್ ಶಾಸನದಲ್ಲೇ ಗುರುವಾರದ ಉಲ್ಲೇಖವಿದೆ. ಪಂಚಾಂಗ, ಸಂತೆ, ಉಪವಾಸ ಎಲ್ಲವೂ ಅದಕ್ಕೆ ಹೊಂದಿಕೊಂಡಿದ್ದವು. ಕ್ರೈಸ್ತರಾದವರು ದೇವರನ್ನು ಬದಲಿಸಿದರೂ ವಾರವನ್ನು ಬದಲಿಸಲಿಲ್ಲ. ಗೋವೆಯ ಕೊಂಕಣಿ ಜನೆರ್, ಫೆಬ್ರೆರ್ ಎಂದು ತಿಂಗಳುಗಳನ್ನು ಪೋರ್ಚುಗೀಸಿನಿಂದ ತೆಗೆದುಕೊಂಡಿತು, ಆದರೆ ದಿನಗಳು ಆಯ್ತಾರ್, ಸೋಮಾರ್, ಬ್ರೇಸ್ತಾರ್ ಆಗಿಯೇ ಉಳಿದವು. ಕ್ರೈಸ್ತರ ತಪಸ್ಸಿನ ಕಾಲ ಶುರುವಾಗುವಾಗ ಹಣೆಗೆ ಬೂದಿ ಹಚ್ಚಿಸಿಕೊಳ್ಳುವ ದಿನವೂ ‘ಗೊಬ್ರಾಚೊ ಬುಧ್ವಾರ್’. ಈ ಬ್ರೇಸ್ತಾರ್ ನಮ್ಮ ಹಳ್ಳಿಯ ಬೇಸ್ತವಾರದ ಒಡಹುಟ್ಟು. ಎರಡೂ ಬೃಹಸ್ಪತಿಯ ಮಕ್ಕಳು.

ಇಲ್ಲೊಂದು ತಮಾಷೆಯಿದೆ. ಪೋರ್ಚುಗೀಸರ ವಾರದಲ್ಲಿ ಗ್ರಹಗಳೇ ಇಲ್ಲ. ಸೋಮವಾರ ‘ಎರಡನೆಯದು’, ಮಂಗಳವಾರ ‘ಮೂರನೆಯದು’, ಶುಕ್ರವಾರ ‘ಆರನೆಯದು’. ಅನ್ಯದೇವತೆಗಳ ಹೆಸರು ಬೇಡವೆಂದು 6ನೆಯ ಶತಮಾನದಲ್ಲಿ ಬ್ರಾಗಾದ ಬಿಷಪ್ ಮಾರ್ಟಿನ್ ಮಾಡಿದ ಏರ್ಪಾಡು ಇದೆಂದು ಪ್ರತೀತಿ. ಸ್ಪೇನಿನವರು ಅಷ್ಟು ತಲೆಕೆಡಿಸಿಕೊಳ್ಳಲಿಲ್ಲ. ಅವರ ಮಾರ್ತೆಸ್ ಎಂದರೆ ಮಾರ್ಸ್, ಅಂದರೆ ನಮ್ಮ ಮಂಗಳ, ತುಳುವರ ಅಂಗಾರೆ. ಹೀಗಾಗಿ ಮನಿಲಾದ ಎರವಲು ಮಾರ್ತೆಸ್‌ಗೂ ಪವಾಯಿಯ ಹಳೆಯ ಮಂಗಳವಾರಕ್ಕೂ ಗ್ರಹ ಒಂದೇ.

ಗ್ರಹ ಒಂದೇ ಆದರೂ ದಿನ ಒಂದೇ ಆಗಿರಲಿಲ್ಲ. ಸ್ಪೇನಿನವರು ಮೆಕ್ಸಿಕೊದಿಂದ ಪಶ್ಚಿಮಕ್ಕೆ ಹಡಗು ನಡೆಸಿ ಬಂದವರು. ಆಫ್ರಿಕಾ ಸುತ್ತಿ ಬಂದ ಪೋರ್ಚುಗೀಸರ ಎಣಿಕೆಗಿಂತ ಅವರದು ಒಂದು ದಿನ ಹಿಂದೆ. ಸಾಷ್ಟಿಯಲ್ಲಿ ಭಾನುವಾರದ ಪೂಜೆಗೆ ಗಂಟೆ ಹೊಡೆದಾಗ ಮನಿಲಾದವರಿಗೆ ಇನ್ನೂ ಶನಿವಾರ. ಇದನ್ನು ಸರಿಪಡಿಸಲು ಫಿಲಿಪೀನ್ಸ್ 1844ರ ಡಿಸೆಂಬರ್ 31ನ್ನು ಬಿಟ್ಟೇಬಿಟ್ಟಿತು: ಸೋಮವಾರ ರಾತ್ರಿ ಮಲಗಿದವರು ಬುಧವಾರ ಎದ್ದರು.

ಪವಾಯಿಯಲ್ಲಿ ಇಂಗ್ಲಿಷ್ ಮಾತ್ರ ವಾರದೊಳಕ್ಕೆ ನುಗ್ಗಿತು, ಶಾಲೆಯ ವೇಳಾಪಟ್ಟಿ ಮತ್ತು ಆಫೀಸಿನ ರಜೆಯ ಬೆನ್ನಿಗೆ. ಅಲ್ಲಿನ ಕನ್ನಡದ ಮೇಲೆ ಮರಾಠಿಯ ಪ್ರಭಾವವೂ ಇದೆ. ಬೆಂಗಳೂರಿನ ಆಮಂತ್ರಣದಲ್ಲಿ ‘ಭಾನುವಾರ’ ಎಂದಿರುವ ಕಡೆ ಮುಂಬಯಿ ಕನ್ನಡಿಗರ ಆಮಂತ್ರಣ ‘ರವಿವಾರ’ ಎನ್ನುತ್ತದೆ. ಅದನ್ನು ಕೈಗೆ ಕೊಡುವ ತುಳುವರು ಬಾಯಲ್ಲಿ ಹೇಳುವುದು ‘ಐತಾರ ಬಲೆ’ (ಭಾನುವಾರ ಬನ್ನಿ). ಪಡೆದವರು ಮನೆಗೆ ಬಂದು ಹೇಳುವುದು ‘ಸಂಡೇ ಪ್ರೋಗ್ರಾಂ ಉಂಟು’.