ಪ್ರಶ್ನೆಗಿಂತ ಮೊದಲೇ ಬರುವ ಪರಿಹಾರ

ನಮ್ಮಲ್ಲಿ ಯಾರಾದರೂ ಅಕಾಲದಲ್ಲಿ ತೀರಿಕೊಂಡರೆ ಆ ಮನೆ ಬಾಗಿಲಿಗೆ ಎರಡು ಪರಿಹಾರಗಳು ಬರುತ್ತವೆ. ಒಂದನ್ನು ಜೋಯಿಸರು ಹೇಳುತ್ತಾರೆ, ಇನ್ನೊಂದನ್ನು ತಹಶೀಲ್ದಾರರು ತರುತ್ತಾರೆ. ಜೋಯಿಸರದು ಖರ್ಚಿನ ಬಾಬತ್ತು, ತಹಶೀಲ್ದಾರರದು ಜಮೆಯ ಬಾಬತ್ತು. ಎರಡಕ್ಕೂ ಕನ್ನಡದಲ್ಲಿ ಒಂದೇ ಹೆಸರು. ಬೆಳೆ ಹೋದರೂ ಪರಿಹಾರ, ಜಮೀನು ಹೋದರೂ ಪರಿಹಾರ, ಜೀವ ಹೋದರೂ ಪರಿಹಾರ. ಲೆಕ್ಕದ ಮೇಷ್ಟರು ಕೊಟ್ಟ ಸಮಸ್ಯೆಗೂ ಅದೇ. ಇಷ್ಟು ದುಡಿಯುವ ಪದ ಕನ್ನಡದಲ್ಲಿ ಮತ್ತೊಂದಿರುವುದು ಕಷ್ಟ.

ಪದದ ಮೂಲದಲ್ಲಿರುವುದು ತೊಲಗಿಸುವ, ಬಿಟ್ಟುಬಿಡುವ ಅರ್ಥ. ಹಳೆಯ ದಾನಶಾಸನಗಳಲ್ಲಿ ‘ಸರ್ವಬಾಧಾ ಪರಿಹಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ದೇವಸ್ಥಾನಕ್ಕೋ ಅಗ್ರಹಾರಕ್ಕೋ ಭೂಮಿ ಬಿಟ್ಟಾಗ ಅದರ ಮೇಲಿನ ತೆರಿಗೆ, ಬಿಟ್ಟಿ, ಅಧಿಕಾರಿಗಳ ಕಾಟ ಯಾವುದೂ ಇನ್ನಿಲ್ಲ ಎಂದು ಕಲ್ಲಿನಲ್ಲಿ ಕೊರೆಸುತ್ತಿದ್ದರು. ಅರಸ ತನಗೆ ಬರಬೇಕಾದ್ದನ್ನು ಬಿಟ್ಟು ಕೈ ಹಿಂತೆಗೆದುಕೊಳ್ಳುವುದು ಅಂದಿನ ಪರಿಹಾರ. ಇಂದಿನದರಲ್ಲಿ ಕೈ ಮುಂದೆ ಬರುತ್ತದೆ. ಒಂದು ಕೈಯಲ್ಲ, ಸಚಿವರದು, ಶಾಸಕರದು, ಜಿಲ್ಲಾಧಿಕಾರಿಯದು, ಪಕ್ಷದ ತಾಲ್ಲೂಕು ಅಧ್ಯಕ್ಷರದು. ಅಷ್ಟೂ ಕೈಗಳ ನಡುವೆ ಚೆಕ್ಕಿನ ಒಂದು ಅಂಚನ್ನು ಹಿಡಿದುಕೊಂಡವಳೇ ಸತ್ತವನ ಹೆಂಡತಿ. ಮಾರನೆಯ ದಿನದ ಪತ್ರಿಕೆಯಲ್ಲಿ ಅವಳ ಹೆಸರು ‘ಫಲಾನುಭವಿ’. ಯಾವ ಫಲ, ಎಂಥ ಅನುಭವ ಎಂದು ಆ ಪದ ಬರೆದ ಗುಮಾಸ್ತರು ಯೋಚಿಸಿರಲಾರರು. ಕಡತದಲ್ಲಿ ಆ ಕಲಮಿಗೆ ಬೇರೆ ಪದ ಇಲ್ಲ, ಅಷ್ಟೆ.

ದೇವಸ್ಥಾನದ ದಾರಿಯ ಪರಿಹಾರಕ್ಕೆ ಒಂದು ಶಿಸ್ತಿದೆ. ಕರಾವಳಿಯಲ್ಲಿ ಮನೆಯಲ್ಲೋ ಊರಲ್ಲೋ ಸಾಲಾಗಿ ಅನಿಷ್ಟ ಆದರೆ ಅಷ್ಟಮಂಗಲ ಪ್ರಶ್ನೆ ಇಡಿಸುತ್ತಾರೆ. ಹೆಸರೇ ಪ್ರಶ್ನೆ. ದೈವಜ್ಞರು ಕವಡೆ ಎಣಿಸಿ ಒಂದೊಂದೇ ಹೇಳುತ್ತಾ ಹೋಗುತ್ತಾರೆ: ನಾಗಬನ ಕಡಿದದ್ದುಂಟು, ಹಿರಿಯರು ಹೊತ್ತ ಹರಕೆ ಬಾಕಿ ಉಂಟು, ಹೆಣ್ಣೊಬ್ಬಳ ಕಣ್ಣೀರು ಉಂಟು. ಕುಟುಂಬದವರೆಲ್ಲ ಕೂತು ಕೇಳಬೇಕು, ಹೌದೋ ಅಲ್ಲವೋ ಹೇಳಬೇಕು. ದೋಷ ಯಾವುದೆಂದು ಗೊತ್ತಾದ ಮೇಲೆ ತಾನೇ ಕುಕ್ಕೆಯಲ್ಲಿ ಸರ್ಪಸಂಸ್ಕಾರವೋ ಗೋಕರ್ಣದಲ್ಲಿ ನಾರಾಯಣ ಬಲಿಯೋ ಎಂಬ ಮಾತು. ಇದನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಧನಿಷ್ಠಾ ಪಂಚಕದಲ್ಲಿ ಜೀವ ಹೋಯಿತು, ಆರು ತಿಂಗಳು ಮನೆಗೆ ಬೀಗ ಹಾಕಿ ಎಂದು ಹೆದರಿಸಿ, ಸೂತಕ ಕಳೆಯುವ ಮೊದಲೇ ಪಟ್ಟಿ ಬರೆದುಕೊಡುವವರೂ ಇದ್ದಾರೆ. ದುಃಖದಲ್ಲಿರುವವರನ್ನು ಸುಲಿಯುವುದು ಸುಲಭ. ಆದರೂ ಅಲ್ಲಿನ ಅನುಕ್ರಮ ನೋಡಿ: ಮೊದಲು ಪ್ರಶ್ನೆ, ಆಮೇಲೆ ದೋಷ, ಕೊನೆಗೆ ಪರಿಹಾರ.

ಸರ್ಕಾರದ ಅನುಕ್ರಮ ಇದಕ್ಕೆ ತಿರುಗುಮುರುಗು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಮುಂದೆ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಅವತ್ತೇ 10 ಲಕ್ಷ ರೂಪಾಯಿ ಘೋಷಣೆ ಆಯಿತು, ಕೆಲವೇ ದಿನಗಳಲ್ಲಿ ಅದು 25 ಲಕ್ಷಕ್ಕೆ ಏರಿತು. ಆಯೋಗ ಕೂತಿತು, ವರದಿಯೂ ಬಂತು. ಆದರೆ ಎಷ್ಟು ಕೊಟ್ಟರು ಎಂದು ಕೇಳಿದರೆ ಎಲ್ಲರೂ ಥಟ್ಟನೆ ಹೇಳುತ್ತಾರೆ. ಯಾಕಾಯಿತು ಎಂದು ಕೇಳಿದರೆ ತಡವರಿಸುತ್ತಾರೆ.

ಸಾವಿಗೆ ಧರ್ಮದ ಹೆಸರು ಅಂಟಿಕೊಂಡರಂತೂ ಮುಗಿಯಿತು. 2022ರ ಜುಲೈನಲ್ಲಿ ದಕ್ಷಿಣ ಕನ್ನಡದಲ್ಲಿ ಹತ್ತು ದಿನದೊಳಗೆ ಮೂವರು ಯುವಕರ ಕೊಲೆಯಾಯಿತು. ಬೆಳ್ಳಾರೆಯ ಕಡೆ ಇಬ್ಬರು, ಸುರತ್ಕಲ್ಲಿನಲ್ಲಿ ಒಬ್ಬ. ಒಬ್ಬ ಹಿಂದೂ, ಇಬ್ಬರು ಮುಸ್ಲಿಮರು. ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಒಂದು ಮನೆಗೆ ಹೋಗಿ 25 ಲಕ್ಷದ ಚೆಕ್ ಕೊಟ್ಟರು. ಉಳಿದ ಎರಡು ಮನೆಗಳಿಗೆ ಅಷ್ಟೇ ಮೊತ್ತ ಸಿಕ್ಕಿದ್ದು ಸರ್ಕಾರ ಬದಲಾದ ಮೇಲೆ, 2023ರ ಜೂನ್‌ನಲ್ಲಿ. ಮಕ್ಕಳನ್ನು ಕಳೆದುಕೊಂಡ ತಾಯಂದಿರ ನಡುವೆ ಒಂದು ಚುನಾವಣೆಯಷ್ಟು ಅಂತರ. ಯಾರ ದುಃಖ ಸರ್ಕಾರದ ದುಃಖ ಎನ್ನುವುದು ಆ ವರ್ಷ ಚೆಕ್ಕಿನ ತಾರೀಖಿನಲ್ಲೇ ಗೊತ್ತಾಯಿತು.

ಅದೇ ಜುಲೈನಲ್ಲಿ ಬಾಗಲಕೋಟೆಯಲ್ಲಿ ಇನ್ನೊಂದು ನಡೆಯಿತು. ಕೆರೂರಿನ ಗಲಭೆಯಲ್ಲಿ ಗಾಯಗೊಂಡವರನ್ನು ನೋಡಲು ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ಆಸ್ಪತ್ರೆಗೆ ಹೋಗಿದ್ದರು. ಗಾಯಾಳುಗಳ ಕಡೆಯವರ ಕೈಗೆ 2 ಲಕ್ಷ ರೂಪಾಯಿ ಕೊಟ್ಟು ಹೊರಟರು. ಆ ಕುಟುಂಬದ ಮಹಿಳೆಯೊಬ್ಬರು ಹೊರಟ ವಾಹನಗಳ ಹಿಂದೆಯೇ ಬಂದು ನೋಟಿನ ಕಂತೆಯನ್ನು ಬೆಂಗಾವಲು ಗಾಡಿಯ ಮೇಲೆ ಎಸೆದರು. ದುಡ್ಡು ಬೇಡ, ನೆಮ್ಮದಿಯಿಂದ ಬದುಕಲು ಬಿಡಿ, ಇಂಥದ್ದು ಯಾರಿಗೂ ಮತ್ತೆ ಆಗಬಾರದು ಎನ್ನುವುದು ಅವರ ಮಾತಿನ ಸಾರ. ಪ್ರಶ್ನೆ ಕೇಳುವ ಮೊದಲೇ ಬಂದ ಪರಿಹಾರವನ್ನು ಅವರು ವಾಪಸು ಮಾಡಿದರು. ಟಿವಿಯಲ್ಲಿ ಆಮೇಲೆ ಚರ್ಚೆ ನಡೆದದ್ದು ಅದರಿಂದ ಯಾವ ಪಕ್ಷಕ್ಕೆ ಮುಖಭಂಗ ಎಂಬುದರ ಮೇಲೆ.

ಎಲ್ಲರಿಗೂ ಹಾಗೆ ಎಸೆಯುವುದಕ್ಕೆ ಆಗುವುದಿಲ್ಲ. ಸಾಲಗಾರರು ಜಗುಲಿಯಲ್ಲಿ ಕೂತಿರುವಾಗ ರೈತನ ಹೆಂಡತಿ ಚೆಕ್ ಬೇಡ ಎನ್ನುವ ಹಾಗಿಲ್ಲ. ಕರ್ನಾಟಕದಲ್ಲಿ ರೈತ ಆತ್ಮಹತ್ಯೆಗೆ ಕೊಡುವ ಪರಿಹಾರ 2015ರಲ್ಲಿ 5 ಲಕ್ಷ ಆಯಿತು. ಅದು ಸಿಗಬೇಕಾದರೆ ಉಪವಿಭಾಗಾಧಿಕಾರಿಯ ಸಮಿತಿ ಕೂತು ಪ್ರಕರಣ ‘ಅರ್ಹ’ವೋ ‘ಅನರ್ಹ’ವೋ ಎಂದು ತೀರ್ಮಾನಿಸಬೇಕು. ಎಫ್‌ಐಆರ್, ಮರಣೋತ್ತರ ಪರೀಕ್ಷೆಯ ವರದಿ, ಪಹಣಿ, ಸಾಲದ ಕಾಗದ ಎಲ್ಲ ಒಪ್ಪವಾಗಿರಬೇಕು. ಕೈಸಾಲಕ್ಕೆ ಕಾಗದ ಇರುವುದಿಲ್ಲ; ಗೇಯ್ದ ಹೆಂಗಸಿನ ಹೆಸರಲ್ಲಿ ಪಹಣಿ ಇರುವುದಿಲ್ಲ. ಇಲ್ಲಿಯೂ ಪ್ರಶ್ನೆಗಳಿವೆ, ಆದರೆ ಅಷ್ಟೂ ಸತ್ತವನಿಗೇ. ಬೆಳೆಗೆ ಬೆಲೆ ಯಾಕೆ ಸಿಗಲಿಲ್ಲ, ಬ್ಯಾಂಕು ಯಾಕೆ ಸಾಲ ಕೊಡಲಿಲ್ಲ ಎಂದು ಆ ನಮೂನೆಯಲ್ಲಿ ಕಲಮಿಲ್ಲ. ಪರಿಹಾರದ ಮೊತ್ತ ಏರಿಸಿದ ಮೇಲೆ ಆತ್ಮಹತ್ಯೆ ಎಂದು ಬರೆಸುವುದು ಹೆಚ್ಚಾಗಿದೆ ಎಂಬರ್ಥದ ಮಾತನ್ನು 2023ರಲ್ಲಿ ರಾಜ್ಯದ ಸಚಿವರೊಬ್ಬರೇ ಆಡಿ ಬೈಸಿಕೊಂಡರು.

ಅಪಘಾತದ ದಾವೆ ನಡೆಸುವ ನ್ಯಾಯಮಂಡಳಿ ಇದಕ್ಕಿಂತ ವಾಸಿ. ಅಲ್ಲಿಯೂ ದುಃಖಕ್ಕೆ ರೇಟು ಉಂಟು: 2017ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ದಾಂಪತ್ಯದ ಸಾಂಗತ್ಯ ಕಳೆದುಕೊಂಡದ್ದಕ್ಕೆ 40,000, ಅಂತ್ಯಕ್ರಿಯೆಗೆ 15,000, ಮೂರು ವರ್ಷಕ್ಕೊಮ್ಮೆ ಶೇ 10ರಷ್ಟು ಏರಿಕೆ. ಓದಿದರೆ ಹೊಟ್ಟೆ ತೊಳಸುತ್ತದೆ. ಆದರೆ ಆ ಮೊತ್ತಕ್ಕೆ ಬರುವ ಮೊದಲು ಸಾಮಾನ್ಯವಾಗಿ ನ್ಯಾಯಾಧೀಶರು ಗಾಡಿ ಯಾರು ಓಡಿಸುತ್ತಿದ್ದರು, ತಪ್ಪು ಯಾರದು ಎಂದು ಬರೆಯುತ್ತಾರೆ. ಅಷ್ಟಮಂಗಲದವರಂತೆ ಅವರಿಗೂ ದೋಷ ಮೊದಲು.

ಕೊರೊನಾ ಕಾಲದಲ್ಲಿ ಎರಡೂ ಬಗೆಯ ಪರಿಹಾರ ಒಂದೇ ಕೈಯಲ್ಲಿ ಸೇರಿಕೊಂಡವು. ಯಾರೂ ಒಯ್ಯಲು ಬಾರದ ನೂರಾರು ಮಂದಿಯ ಚಿತಾಭಸ್ಮವನ್ನು 2021ರ ಜೂನ್‌ನಲ್ಲಿ ಅಂದಿನ ಕಂದಾಯ ಸಚಿವ ಆರ್. ಅಶೋಕ್ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಹತ್ತಿರ ಕಾವೇರಿಯಲ್ಲಿ ಬಿಟ್ಟರು. ಪಿತೃಪಕ್ಷದಲ್ಲಿ ಶ್ರೀರಂಗಪಟ್ಟಣದ ಗೋಸಾಯಿ ಘಾಟಿನಲ್ಲಿ ಪಿಂಡಪ್ರದಾನವನ್ನೂ ಮಾಡಿದರು. ಮಕ್ಕಳು ಮಾಡಬೇಕಾದ್ದನ್ನು ಸರ್ಕಾರ ಮಾಡಿತು, ಅದನ್ನು ಹಗುರವಾಗಿ ಕಾಣಬೇಕಾಗಿಲ್ಲ. ಅದೇ ಕಂದಾಯ ಇಲಾಖೆಯ ಕಚೇರಿಗಳಲ್ಲಿ ಕೋವಿಡ್ ಸಾವಿನ 50,000 ರೂಪಾಯಿ ಪರಿಹಾರಕ್ಕೆ ಅರ್ಜಿ ಹಿಡಿದು ನಿಂತವರಿಗೆ ಮರಣ ಪ್ರಮಾಣಪತ್ರದಲ್ಲಿ ಕೋವಿಡ್ ಎಂದಿಲ್ಲವಲ್ಲ ಎಂಬ ಉತ್ತರದ ಭಯ. ಆ ಒಂದೇ ಕಾರಣಕ್ಕೆ ಇಲ್ಲ ಎನ್ನಬೇಡಿ ಎಂದು ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ಮಂದಿ ಸತ್ತಾಗ, ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರೇ ಎಂದು ಸರ್ಕಾರ ಮೊದಲು ಹೇಳಿತ್ತು. ಪಿಂಡ ಇಡುವ ಮನಸ್ಸಿದ್ದ ರಾಜ್ಯಕ್ಕೆ ಸಾವಿನ ಕಾರಣ ಬರೆಯುವ ಮನಸ್ಸು ಬರಲಿಲ್ಲ.

ಹೋದ ಜೀವ ಬರುತ್ತದೆಯೇ ಎಂದು ಪರಿಹಾರ ಪಡೆದವರೆಲ್ಲ ಹೇಳುತ್ತಾರೆ, ಕೊಟ್ಟವರೂ ಹೇಳುತ್ತಾರೆ. ಆ ಮಾತಿಗೆ ಉತ್ತರವಿಲ್ಲ, ಹಾಗಾಗಿ ಆಡುವುದು ಸುಲಭ. ಉತ್ತರ ಇರುವ ಮಾತು ಬೇರೆ: ಏನಾಯಿತು, ಯಾರ ತಪ್ಪು, ಮುಂದೆ ಆಗದಂತೆ ಏನು ಮಾಡಿದಿರಿ. ಹಣ ಆ ಮನೆಯವರ ಹಕ್ಕು, ಅದನ್ನು ದಾನ ಎಂಬಂತೆ ಕೊಡುವುದು ಬೇಡ, ತಡ ಮಾಡುವುದೂ ಬೇಡ. ಚೆಕ್ಕಿನ ಜೊತೆಗೆ ಇಷ್ಟಕ್ಕೂ ಉತ್ತರ ಬರೆದ ಒಂದು ಹಾಳೆ, ಸಚಿವರ ಸಹಿ ಹಾಕಿ, ಆ ಮನೆಗೆ ತಲುಪಲಿ. ಫೋಟೊ ಬೇಕಿದ್ದರೆ ಆ ಹಾಳೆ ಹಿಡಿದುಕೊಂಡೇ ತೆಗೆಸಿಕೊಳ್ಳಲಿ. ಎಷ್ಟು ಕೈಗಳು ಮುಂದೆ ಬರುತ್ತವೋ ನೋಡಬಹುದು.