ಕೋಟೆಯ ಗೋಡೆ, ಟ್ಯಾಂಕಿನ ಉಕ್ಕು

1657ರ ಮಾರ್ಚ್ ತಿಂಗಳು. ಮೊಗಲ್ ರಾಜಕುಮಾರ ಔರಂಗಜೇಬನ ಸೇನೆ ಬೀದರ್ ಕೋಟೆಯನ್ನು ಮುತ್ತಿತ್ತು. ಬಂಡೆಯನ್ನೇ ಕಡಿದು ತೋಡಿದ ಮೂರು ಸುತ್ತಿನ ಕಂದಕ, ದಪ್ಪ ಗೋಡೆ, ಬುರುಜುಗಳ ಮೇಲೆ ತೋಪುಗಳು. ಬಿಜಾಪುರದ ಪರವಾಗಿ ಕೋಟೆ ಕಾಯುತ್ತಿದ್ದ ಸಿದ್ದಿ ಮರ್ಜಾನ್ ಮೂರು ವಾರಕ್ಕೂ ಮಿಗಿಲಾಗಿ ಜಗ್ಗಲಿಲ್ಲ. ಕೊನೆಗೆ ಮೊಗಲರ ಬಾಣ, ಅಂದರೆ ಆ ಕಾಲದ ರಾಕೆಟ್ಟಿನ ಕಿಡಿ, ಬುರುಜಿನ ಹಿಂದಿದ್ದ ಮದ್ದಿನ ರಾಶಿಗೆ ಬಿತ್ತು. ಮರ್ಜಾನ್ ಮತ್ತವನ ಮಕ್ಕಳು ಸುಟ್ಟು ಗಾಯಗೊಂಡರು. ಆ ಗೊಂದಲದಲ್ಲೇ ಕೋಟೆ ಕೈಬಿಟ್ಟಿತು.

ರಕ್ಷಣೆ ದಪ್ಪವಾದಂತೆಲ್ಲ ಅದನ್ನು ಭೇದಿಸುವ ಅಸ್ತ್ರವೂ ಹುಟ್ಟುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಕೋಟೆಯ ಸ್ಥಾನವನ್ನು ಟ್ಯಾಂಕು ಹಿಡಿಯಿತು. ಅದು ಚಲಿಸುವ ಕೋಟೆ.

1948ರ ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರ ನೇತೃತ್ವದಲ್ಲಿ ಭಾರತದ ಪಡೆಗಳು ಸೊಲ್ಲಾಪುರದ ಕಡೆಯಿಂದ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿದಾಗ ಅವುಗಳಲ್ಲಿ ಟ್ಯಾಂಕುಗಳಿದ್ದವು. 17ರ ನಸುಕಿನಲ್ಲಿ ಸೇನೆ ಬೀದರನ್ನು ಹೊಕ್ಕಿತು. ಭಾಲ್ಕಿ, ಔರಾದ್ ಸೀಮೆಯ ಎರೆಭೂಮಿ ಬಲ್ಲವರಿಗೆ ಗೊತ್ತು: ಮಳೆಗಾಲದಲ್ಲಿ ಭಾರದ ವಾಹನ ರಸ್ತೆ ಬಿಟ್ಟು ಇಳಿದರೆ ಹೂತುಹೋಗುತ್ತದೆ. ರಸ್ತೆಗೆ ಕಟ್ಟುಬಿದ್ದ ಟ್ಯಾಂಕು ಸುಲಭದ ಗುರಿ. ಆದರೆ ಅಂದು ಕಾಲಾಳಿನ ಕೈಯಲ್ಲಿದ್ದ ಬಜೂಕಾದಂಥ ಆಯುಧ ನೂರಿನ್ನೂರು ಮೀಟರ್ ಸನಿಹದಿಂದಷ್ಟೇ ಫಲಿಸುತ್ತಿತ್ತು.

ಈ ಲೆಕ್ಕವನ್ನು ಬದಲಿಸಿದ್ದು ಕ್ಷಿಪಣಿ. 1973ರ ಅಕ್ಟೋಬರ್‌ನಲ್ಲಿ ಸಿನಾಯ್ ಮರುಭೂಮಿಯಲ್ಲಿ ಈಜಿಪ್ಟಿನ ಕಾಲಾಳುಗಳು ಪೆಟ್ಟಿಗೆಯಲ್ಲಿ ಹೊತ್ತೊಯ್ದ ರಷ್ಯಾದ ‘ಮಾಲ್ಯುತ್ಕಾ’ ಕ್ಷಿಪಣಿಗಳನ್ನು ತಂತಿಯ ಮೂಲಕ ನಡೆಸಿ, ಮೂರು ಕಿಲೋಮೀಟರ್ ದೂರದವರೆಗಿನ ಇಸ್ರೇಲಿ ಟ್ಯಾಂಕುಗಳನ್ನು ಹೊಡೆದರು. ಇಂಥ ಕ್ಷಿಪಣಿಯ ತಲೆಯಲ್ಲಿ ಲೋಹದ ಹಾಳೆ ಹೊದಿಸಿದ ಶಂಕುವಿನಾಕಾರದ ಸ್ಫೋಟಕವಿರುತ್ತದೆ. ಸಿಡಿದಾಗ ಆ ಲೋಹ ಸೂಜಿಯಂಥ ಧಾರೆಯಾಗಿ ಉಕ್ಕನ್ನು ಕೊರೆಯುತ್ತದೆ.

ಬೀದರಿಗೆ ತಾಗಿದ ಸಂಗಾರೆಡ್ಡಿ ಜಿಲ್ಲೆಯಲ್ಲಿ ಈ ಪೈಪೋಟಿಯ ಎರಡೂ ಪಕ್ಷಗಳನ್ನು ಕಾಣಬಹುದು. ಅಲ್ಲಿನ ಎದ್ದುಮೈಲಾರಂ ಕಾರ್ಖಾನೆಯಲ್ಲಿ ‘ಸಾರಥ್’ ಉಕ್ಕುಕವಚದ ವಾಹನ. ಭಾನೂರಿನ ಭಾರತ್ ಡೈನಮಿಕ್ಸ್ ಘಟಕದಲ್ಲಿ ಟ್ಯಾಂಕ್ ನಾಶಕ ಕ್ಷಿಪಣಿ.

2022ರಲ್ಲಿ ಯುಕ್ರೇನಿನ ಕೆಸರು ನೆಲ ರಷ್ಯಾದ ಟ್ಯಾಂಕುಗಳನ್ನು ರಸ್ತೆಗೆ ಕಟ್ಟಿಹಾಕಿತು. ಹೆಗಲ ಮೇಲಿನಿಂದ ಹಾರಿಸುವ ‘ಜಾವೆಲಿನ್’ ಮೇಲೇರಿ, ಕವಚ ತೆಳುವಾಗಿರುವ ನೆತ್ತಿಗೇ ಎರಗುತ್ತದೆ. ಹಾರಿಸಿದವನು ಕೂಡಲೇ ಜಾಗ ಬಿಟ್ಟು ಓಡಬಹುದು.

ಹಾಗೆಂದು ಟ್ಯಾಂಕಿನ ಕಾಲ ಮುಗಿಯಿತೆನ್ನಲಾಗದು. ಮರುವರ್ಷವೇ ಯುಕ್ರೇನ್ ಪಶ್ಚಿಮ ದೇಶಗಳಿಂದ ಟ್ಯಾಂಕು ಕೇಳಿ ಪಡೆಯಿತು. ನೆಲ ಗೆಲ್ಲಲು ಅದು ಬೇಕೇ ಬೇಕು. ಆದರೆ ಕಾಲಾಳು, ಫಿರಂಗಿ, ಡ್ರೋನ್‌ಗಳ ಕಾವಲಿಲ್ಲದೆ ಅದು ಒಂಟಿಯಾಗಿ ಮುನ್ನುಗ್ಗುವ ದಿನ ಹೋಯಿತು. ಟ್ಯಾಂಕಿನೊಳಗೆ ಕುಳಿತ ಮೂರು ನಾಲ್ಕು ಮಂದಿಯ ಜೀವ ಈಗ ಉಕ್ಕಿನ ದಪ್ಪಕ್ಕಿಂತ ಹೆಚ್ಚಾಗಿ ಹೊರಗೆ ನಡೆಯುವ ಸಂಗಡಿಗರ ಎಚ್ಚರವನ್ನು ನಂಬಿದೆ.